ಒಂಬತ್ತನೇ ‘ಬಿ’ಯ ಏಳು ಹೆಸರು

ಮಾರ್ಚ್ ಕೊನೆಯ ವಾರದಲ್ಲಿ ಶಾಲೆಯ ಆ್ಯಪಿನ ಮೂಲಕ ಪಟ್ಟಿ ಮೊಬೈಲಿಗೆ ಬಂತು. ಒಂಬತ್ತನೇ ತರಗತಿ ‘ಬಿ’ ವಿಭಾಗದ ಏಳು ಮಕ್ಕಳ ಹೆಸರು, ಹೆಸರಿನ ಮುಂದೆ ಅಂಕ, ಅಂಕದ ಮುಂದೆ ಒಂದೊಂದು ಕೆಂಪು ಚುಕ್ಕಿ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದ ಮಂಜುಶ್ರೀ ಏಳನೆಯ ಹೆಸರು ಓದಿ ಡಬ್ಬಿ ಮುಚ್ಚಿಬಿಟ್ಟಳು. ಅದು ದಿವ್ಯಾಳ ಹೆಸರು, ಶಾಲೆಯ ಆಯಾ ಪಿಳ್ಳಮ್ಮನ ಮೊಮ್ಮಗಳು.

ಬೆಂಗಳೂರಿನ ಹೂಡಿಯ ಆ ಶಾಲೆಯಲ್ಲಿ ಮಂಜುಶ್ರೀ ಹತ್ತೊಂಬತ್ತು ವರ್ಷದಿಂದ ಕನ್ನಡ ಕಲಿಸುತ್ತಿದ್ದಳು. ಅವಳು ಸೇರಿದಾಗ ಅದು ಹನುಮಂತಯ್ಯ ಮೇಷ್ಟ್ರ ಶಾಲೆ. ತಮ್ಮದೇ ರಾಗಿ ಹೊಲದಲ್ಲಿ ಶೀಟು ಹೊದಿಸಿ ಶುರು ಮಾಡಿದ್ದು. ಕಸ ಗುಡಿಸುವವರೂ ಸಂಬಳದ ದಿನ ಹೆಬ್ಬೆಟ್ಟು ಒತ್ತಬಾರದೆಂದು ಅವರು ಪಿಳ್ಳಮ್ಮನನ್ನು ಎದುರಿಗೆ ಕೂರಿಸಿಕೊಂಡು ಸಹಿ ಹಾಕುವುದನ್ನು ಕಲಿಸಿದ್ದರು. ಇಲ್ಲಿ ಕೆಲಸ ಮಾಡುವವರ ಮನೆಯ ಮಕ್ಕಳು ಇಲ್ಲೇ ಓದಬೇಕು, ಅವರ ಹತ್ತಿರ ಫೀಸು ಕೇಳಬಾರದು ಅನ್ನುವುದೂ ಅವರದೇ ಕಟ್ಟಳೆ. ಮೇಷ್ಟ್ರು ತೀರಿಕೊಂಡ ಮೇಲೆ ಮಗ ದೇವರಾಜ್ ಶಾಲೆಯನ್ನು ಒಂದು ಕಂಪನಿಗೆ ವಹಿಸಿದ. ಕಾಗದದಲ್ಲಿ ಮೇಷ್ಟ್ರು ಮಾಡಿದ್ದ ಟ್ರಸ್ಟು ಹಾಗೇ ಇತ್ತು. ಗೇಟಿನ ಮೇಲೆ ಮಾತ್ರ ‘ಆಲ್ಟಿವಾ’ ಎಂಬ ಹೊಸ ಹೆಸರು ಬಂತು. ಮೂರು ಊರುಗಳಲ್ಲಿ ಶಾಲೆ, ಕಾಲೇಜು ಸೇರಿ ಇಪ್ಪತ್ತಕ್ಕೂ ಹೆಚ್ಚು ಕಡೆ ಅದೇ ಹೆಸರು, ಅದೇ ನೀಲಿ ಬಣ್ಣ. ಹೆಡ್‌ಮಿಸ್ ಇದ್ದರೂ ಮಾತು ನಡೆಯುತ್ತಿದ್ದುದು ವಸಂತನದು. ನಾಲ್ಕು ಶಾಲೆಗಳಿಗೆ ಅವನು ‘ಕ್ಲಸ್ಟರ್ ಹೆಡ್’. ಈ ಕೆಲಸಕ್ಕೆ ಬರುವ ಮುಂಚೆ ಮೊಬೈಲ್ ಕಂಪನಿಯೊಂದರ ಸೇಲ್ಸ್ ನೋಡಿಕೊಳ್ಳುತ್ತಿದ್ದನಂತೆ.

ಮಧ್ಯಾಹ್ನವೇ ಅವನು ಕರೆಸಿದ.

“ಕೂತ್ಕೊಳ್ಳಿ ಮೇಡಂ. ಲಿಸ್ಟ್ ನೋಡಿದ್ರಾ? ಈ ಏಳು ಜನ ಟೆಂತಲ್ಲಿ ರಿಸ್ಕು. ಮುಂದಿನ ವರ್ಷ ನಮಗೆ ಹಂಡ್ರೆಡ್ ಪರ್ಸೆಂಟ್ ರಿಸಲ್ಟ್ ಬೇಕೇ ಬೇಕು. ಪೇರೆಂಟ್ಸನ್ನ ಕರ್ಸಿ, ಅವರಾಗವರೇ ಟಿಸಿ ಕೇಳೋ ಹಾಗೆ ಕೌನ್ಸೆಲ್ ಮಾಡಿ.”

“ಫೇಲಾಗಿಲ್ವಲ್ಲ ಸಾರ್ ಇವರು. ಪಾಸಾದ ಮಕ್ಕಳಿಗೆ ಹೋಗಿ ಅಂತ ಹೆಂಗೆ ಹೇಳೋದು?”

“ನಾವು ಹೋಗಿ ಅನ್ನಲ್ಲ. ಅವರೇ ಬರ್ಕೊಡ್ತಾರೆ. ನೀವು ಇಲ್ಲೇ ಇಷ್ಟು ವರ್ಷ ಇದೀರ, ಜನ ನಿಮ್ಮ ಮಾತು ಕೇಳ್ತಾರೆ. ಅದಕ್ಕೇ ನಿಮಗೆ ಕೊಟ್ಟಿರೋದು.” ಆಮೇಲೆ, “ನಿಮ್ಮದು ಬಿ.ಎಡ್ ಆಗಿಲ್ಲ ಅಲ್ವಾ ಮೇಡಂ?” ಅಂದ. ಹವಾಮಾನ ಕೇಳುವವನ ದನಿಯಲ್ಲೇ ಕೇಳಿದ.

ಅವಳಿಗೆ ನಲವತ್ತೇಳು ವರ್ಷ. ಈ ವಯಸ್ಸಿನಲ್ಲಿ ಬಿ.ಎಡ್ ಇಲ್ಲದ ಕನ್ನಡ ಮಿಸ್ಸನ್ನು ಬೇರೆ ಯಾರೂ ತಗೊಳ್ಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು.

ಆ ಶನಿವಾರ ಪೋಷಕರು ಬಂದರು. ಮೊದಲು ಬಂದ ಆಟೋ ಡ್ರೈವರ್ ದಾಸಪ್ಪ ಮೇಜು ಗುದ್ದಿ ಕೂಗಾಡಿದ. ಕೊನೆಗೆ ಮಗನ ಮುಖವನ್ನೂ ನೋಡದೆ ಸಹಿ ಹಾಕಿದ. ಒಬ್ಬ ತಾಯಿ ಅರ್ಧ ಗಂಟೆ ಅತ್ತಳು. ಇನ್ನೊಬ್ಬರು, ಟೆಕ್ ಪಾರ್ಕಿನಲ್ಲಿ ಸೆಕ್ಯುರಿಟಿ ಕೆಲಸದವರು, ಸಮವಸ್ತ್ರದಲ್ಲೇ ಬಂದು, “ನಮ್ಮುಡುಗ ದಡ್ಡ ಅಂತ ನೀವೇ ಹೇಳ್ಬಿಟ್ರೆ ಮುಗೀತಲ್ಲ ಮಿಸ್” ಎಂದು ಕೈ ಮುಗಿದರು. ಪ್ರತಿಯೊಬ್ಬರಿಗೂ ಮಂಜುಶ್ರೀ ಅದೇ ನಾಲ್ಕು ಮಾತು ಹೇಳಿದಳು: ಮಗುವಿಗೆ ಒತ್ತಡ ಬೇಡ, ಬೇರೆ ಕಡೆ ಆರಾಮಾಗಿ ಓದಲಿ, ಇದು ಅದರ ಒಳ್ಳೆಯದಕ್ಕೇ, ಇಲ್ಲಿ ಸಹಿ ಹಾಕಿ. ಆರನೆಯವರು ಹೋಗುವ ಹೊತ್ತಿಗೆ ಸಂಜೆ ಐದಾಗಿತ್ತು. ಎದ್ದು ಹೋಗಿಬಿಡೋಣ ಅನ್ನಿಸಿತು.

ಆಗ ಪಿಳ್ಳಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಒಳಗೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ.

“ಕರುದ್ರಂತೆ ಮಿಸ್. ದಿವ್ಯಾ ಏನಾರ ತರ್ಲೆ ಮಾಡುದ್ಲಾ?”

“ಇಲ್ಲ ಪಿಳ್ಳಮ್ಮ, ಏನಿಲ್ಲ.”

“ಅವ್ಳ್ದು ಲೆಕ್ಕ ಒಂದೇ ವಸಿ ಕಷ್ಟ. ನಿಮ್ ಕನ್ನಡ ಅಂದ್ರೆ ಪ್ರಾಣ ಬುಡ್ತಾಳೆ. ರಾತ್ರೆಲ್ಲ ನಂಗೆ ಪದ್ಯ ಒಪ್ಪುಸ್ತಾಳೆ.” ಪಿಳ್ಳಮ್ಮ ನಕ್ಕಳು. “ಅವ್ರವ್ವ ಇದ್ದಿದ್ರೆ ನೋಡಿ ಖುಸಿ ಪಡೋಳು.”

ಮಂಜುಶ್ರೀಗೆ ನಾಲ್ಕು ಮಾತೂ ನೆನಪಿದ್ದವು, ಆದರೆ ಬಾಯಿಗೆ ಬರಲಿಲ್ಲ. ಸುಳ್ಳು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಅದು ತಾನಾಗಿ ಬಂತು.

“ಟೆಂತ್ ರಿಜಿಸ್ಟ್ರೇಷನ್ನು ಪಿಳ್ಳಮ್ಮ. ಎಲ್ಲರ ಮನೆಯವರದೂ ಸಹಿ ಬೇಕು.”

“ಅಷ್ಟೇ ತಾನೆ. ನಾನೇನೋ ಅಂದ್ಕೊಂಡೆ.” ಪಿಳ್ಳಮ್ಮ ಬಗ್ಗಿ, ಮೇಷ್ಟ್ರು ಕಲಿಸಿದ ಹಾಗೆ, ಒಂದೊಂದೇ ಅಕ್ಷರವನ್ನು ಸದ್ದಿಲ್ಲದೆ ಉಚ್ಚರಿಸುತ್ತ ಹೆಸರು ಬರೆದಳು. ಇಂಗ್ಲಿಷಿನ ಆ ಹಾಳೆಯಲ್ಲಿ ಕನ್ನಡದ ಅಕ್ಷರ ಇದ್ದದ್ದು ಅದೊಂದೇ ಕಡೆ. “ಸರಿಯಾಗದಾ ಮಿಸ್?”

“ಸರಿಯಾಗಿದೆ.”

ಏಪ್ರಿಲ್, ಮೇ ರಜೆ. ಈ ರಜೆಯಲ್ಲೇ ಪಿಳ್ಳಮ್ಮನಿಗೆ ನಿಜ ಹೇಳಿಬಿಡಬೇಕು, ಬೇರೆ ಶಾಲೆ ಹುಡುಕಿಕೊಳ್ಳಲು ಸಮಯವಾದರೂ ಸಿಗುತ್ತದೆ ಎಂದು ಮಂಜುಶ್ರೀ ದಿನವೂ ಅಂದುಕೊಂಡಳು. ಒಂದು ದಿನ ಪಿಳ್ಳಮ್ಮನ ಬೀದಿಯ ತುದಿಯ ತನಕ ಹೋಗಿ ತರಕಾರಿ ಕೊಂಡು ವಾಪಸು ಬಂದಳು. ದೇವರಾಜನನ್ನಾದರೂ ಕೇಳೋಣವೆಂದು ಅವನ ಮನೆಗೂ ಹೋದಳು. ಅವನು ಪಕ್ಕದಲ್ಲೇ ಕಟ್ಟಿಸುತ್ತಿದ್ದ ಹೊಸ ಪಿ.ಜಿ. ಹಾಸ್ಟೆಲ್ ಕಟ್ಟಡದ ಮುಂದೆ ನಿಂತು ಟೈಲ್ಸ್ ಇಳಿಸಿಕೊಳ್ಳುತ್ತಿದ್ದ. “ನಮ್ಮಪ್ಪನ ಕಾಲ ಬೇರೆ ಮೇಡಂ. ಈಗ ನಾನು ಬರೀ ಬಿಲ್ಡಿಂಗ್ ಓನರ್ರು. ಯಾರನ್ನ ಇಟ್ಕೋಬೇಕು ಯಾರನ್ನ ಬಿಡಬೇಕು ಅಂತ ಅವರಿಗೆ ನಾನು ಹೇಳಂಗಿಲ್ಲ. ಅಗ್ರಿಮೆಂಟಲ್ಲೇ ಹಂಗಿದೆ” ಎಂದ. ಕಾಫಿ ಕುಡಿದು ಹೋಗಿ ಅಂತ ಒತ್ತಾಯವನ್ನೂ ಮಾಡಿದ.

ಜೂನ್ ಮೊದಲ ದಿನ ಮಕ್ಕಳು ಗೇಟಿನ ಯಂತ್ರಕ್ಕೆ ಕಾರ್ಡು ತೋರಿಸಿ ಸಾಲಾಗಿ ಒಳಗೆ ಹೋಗುತ್ತಿದ್ದರು. ದಿವ್ಯಾ ಎರಡು ಜಡೆ ಹಾಕಿ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದಿದ್ದಳು. ಅವಳ ಕಾರ್ಡಿಗೆ ಕೆಂಪು ದೀಪ ಹತ್ತಿತು. ಮತ್ತೊಮ್ಮೆ ತೋರಿಸಿದಳು, ಮತ್ತೆ ಕೆಂಪು. ಹಿಂದಿದ್ದ ಮಕ್ಕಳು ತಳ್ಳಾಡಿದರು. ಕಾವಲುಗಾರ ಅವಳನ್ನು ಪಕ್ಕಕ್ಕೆ ನಿಲ್ಲಿಸಿದ.

ಕಾರಿಡಾರು ಒರೆಸುತ್ತಿದ್ದ ಪಿಳ್ಳಮ್ಮನಿಗೆ ಯಾರೋ ಸುದ್ದಿ ಮುಟ್ಟಿಸಿದರು. ಅವಳು ಕೋಲು ಹಿಡಿದುಕೊಂಡೇ ಓಡಿ ಬಂದು ಮಂಜುಶ್ರೀಯನ್ನು ಮೆಟ್ಟಿಲ ಹತ್ತಿರ ಹಿಡಿದಳು.

“ಮಿಸ್, ಗೇಟಿನ್ ಮಿಸಿನ್ನು ಕೆಟ್ಟೋಗದೆ ಅನ್ಸುತ್ತೆ. ನಮ್ಮುಡ್ಗೀನ ಒಳಗ್ ಬುಡ್ತಿಲ್ಲ. ನೀವೊಂದ್ ಮಾತ್ ಯೋಳಿ.”

“ನೋಡ್ತೀನಿ ಇರಿ” ಎಂದು ಮಂಜುಶ್ರೀ ಮೇಲೆ ಹತ್ತಿದಳು. ಕ್ಲಾಸಿನ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಮೊದಲ ಪೀರಿಯಡ್ಡಿನಲ್ಲಿ ದಿವ್ಯಾ ನಿಂತಿದ್ದಳು. ಎರಡನೆಯದರಲ್ಲೂ ನಿಂತಿದ್ದಳು. ಮೂರನೆಯದರಲ್ಲಿ ಬ್ಯಾಗು ಕೆಳಗಿಟ್ಟು ಅದರ ಮೇಲೆ ಕೂತಳು. ಅಷ್ಟರಲ್ಲಿ ಆಫೀಸಿನವರು ಪಿಳ್ಳಮ್ಮನನ್ನು ಕರೆದು ಅವಳೇ ಸಹಿ ಹಾಕಿದ ಹಾಳೆ ತೋರಿಸಿ, ಅದರ ನಕಲನ್ನು ಕೈಗೆ ಕೊಟ್ಟಿದ್ದರು. ಮಂಜುಶ್ರೀ ಕೆಳಗಿಳಿದು ಬಂದಾಗ ಪಿಳ್ಳಮ್ಮ ನೆಲ ಒರೆಸುವ ಬಕೆಟ್ಟಿನ ಪಕ್ಕ ನಿಂತಿದ್ದಳು. ಜಗಳ ಮಾಡಲಿಲ್ಲ.

“ನೀವ್ ಯೋಳಿದ್ರಿ ಅಂತ ಆಕ್ದೆ ಮಿಸ್” ಅಂದಳು, ಅಷ್ಟೇ.

ಆ ವಾರವೇ ಮಂಜುಶ್ರೀ ರಜೆ ಹಾಕಿ, ಪಿಳ್ಳಮ್ಮನನ್ನು ಕರೆದುಕೊಂಡು ಶಿಕ್ಷಣ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿ ಸವಿತಾ ಎಂಬ ಅಧಿಕಾರಿ ಹಾಳೆಯ ನಕಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

“ಪೋಷಕರೇ ಕೇಳ್ಕೊಂಡಿದ್ದಾರೆ ಅಂತ ಇದೆ. ಸಹಿ ಇದೆ. ಇದನ್ನ ಮೋಸದಿಂದ ಹಾಕಿಸ್ಕೊಂಡ್ರು ಅಂತ ಯಾರಾದ್ರೂ ಬರೆದುಕೊಟ್ರೆ ನಾನು ನೋಟಿಸ್ ಕೊಡಬಹುದು. ಹಾಕಿಸ್ಕೊಂಡವರು ಯಾರು?”

“ನಾನೇ” ಎಂದಳು ಮಂಜುಶ್ರೀ.

ಸವಿತಾ ಅವಳನ್ನೇ ನೋಡಿದರು. “ಬರೆದುಕೊಟ್ರೆ ನಿಮ್ಮ ಕೆಲಸ ಹೋಗುತ್ತೆ. ಗೊತ್ತಲ್ವಾ?”

ಗೊತ್ತಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಅವಳು ಎರಡು ಪುಟ ಬರೆದಳು. ಪಟ್ಟಿ ಬಂದದ್ದು, ವಸಂತ ಹೇಳಿದ್ದು, ಆರು ಮನೆಯವರಿಗೆ ಹೇಳಿದ ಮಾತು, ಏಳನೆಯವರಿಗೆ ಹೇಳಿದ ಸುಳ್ಳು, ಎಲ್ಲವನ್ನೂ. ಮಕ್ಕಳ ಪ್ರಬಂಧದಲ್ಲಿ ಒತ್ತಕ್ಷರ ತಪ್ಪಿದರೆ ಸುಮ್ಮನಿರದವಳು ತನ್ನ ಕಾಗದದಲ್ಲಿ ಎರಡು ಕಡೆ ತಪ್ಪಿ, ಹೊಡೆದು ಹಾಕಿ ಮತ್ತೆ ಬರೆದಳು. ಪಿಳ್ಳಮ್ಮ ಪಕ್ಕದಲ್ಲೇ ಕೂತಿದ್ದಳು.

ನೋಟಿಸು ಹೋಯಿತು. ಶಾಲೆ ಸಮಯ ಕೇಳಿತು. ವಕೀಲರು ಉತ್ತರ ಬರೆದರು. ಪಟ್ಟಿ ಬಂದಿದ್ದ ಮೊಬೈಲ್ ಆ್ಯಪು ಅಷ್ಟು ಹೊತ್ತಿಗೆ ಮಂಜುಶ್ರೀಗೆ ತೆರೆಯುತ್ತಲೇ ಇರಲಿಲ್ಲ; ವಸಂತ ಹೇಳಿದ್ದಕ್ಕೆ ಬೇರೆ ಸಾಕ್ಷಿ ಉಳಿದಿರಲಿಲ್ಲ. ಆಗಸ್ಟ್ ಎರಡನೇ ವಾರ ಆದೇಶ ಬಂತು: ದಿವ್ಯಾಳನ್ನು ಹತ್ತನೇ ತರಗತಿಗೆ ಸೇರಿಸಿಕೊಳ್ಳತಕ್ಕದ್ದು. ಉಳಿದ ಆರು ಮನೆಯವರು ದೂರು ಕೊಟ್ಟಿರಲಿಲ್ಲ. ಮಕ್ಕಳನ್ನು ಬೇರೆಲ್ಲೋ ಸೇರಿಸಿದ್ದರು, ಇಲ್ಲವೇ ಸುಮ್ಮನಾಗಿದ್ದರು.

ಅದೇ ದಿನ ಎಲ್ಲ ಪೋಷಕರ ಮೊಬೈಲಿಗೂ ಶಾಲೆಯಿಂದ ಒಂದು ಸಂದೇಶ ಹೋಯಿತು. ಆಡಳಿತ ಮಂಡಳಿಗೆ ತಿಳಿಯದಂತೆ ಶಿಕ್ಷಕಿಯೊಬ್ಬರು ಪೋಷಕರನ್ನು ವಂಚಿಸಿದ್ದಾರೆ, ಅವರನ್ನು ತಕ್ಷಣ ವಜಾ ಮಾಡಲಾಗಿದೆ, ಮಕ್ಕಳ ಹಿತವೇ ನಮಗೆ ಮುಖ್ಯ ಎಂದು. ಹೆಸರು ಹಾಕಿರಲಿಲ್ಲ. ಹೂಡಿಯಲ್ಲಿ ಅದು ಯಾರೆಂದು ತಿಳಿಯದವರೂ ಇರಲಿಲ್ಲ. ಹಾಲಿನ ಅಂಗಡಿಯಲ್ಲಿ ಅವಳ ಹಳೆಯ ವಿದ್ಯಾರ್ಥಿಯೊಬ್ಬ ಅವಳನ್ನು ಕಂಡು ಫೋನು ನೋಡುತ್ತ ನಿಂತ. ಸುಳ್ಳೆಂದು ಜಗಳವಾಡಲು ಅವಳಿಗೆ ಬಾಯಿರಲಿಲ್ಲ. ವಂಚಿಸಿದ್ದು ಅವಳೇ. ವಸಂತ ಅದೇ ತಿಂಗಳು ಎಂಟು ಶಾಲೆಗಳಿಗೆ ಮುಖ್ಯಸ್ಥನಾದ ಎಂದು ಆಮೇಲೆ ಗೊತ್ತಾಯಿತು.

ಆದೇಶದ ಪ್ರತಿ ಹಿಡಿದು ಅವಳು ಪಿಳ್ಳಮ್ಮನ ಮನೆಗೆ ಹೋದಳು. ಬಾಗಿಲು ತೆರೆದದ್ದು ದಿವ್ಯಾ. ಎರಡೂವರೆ ತಿಂಗಳಲ್ಲಿ ಹುಡುಗಿ ಇಳಿದುಹೋಗಿದ್ದಳು. ಮೈಮೇಲೆ ದಿನಸಿ ಡೆಲಿವರಿ ಗೋದಾಮೊಂದರ ಟೀ ಶರ್ಟು. ಯಾರದೋ ಆಧಾರ್ ತೋರಿಸಿ, ಹದಿನೆಂಟು ವರ್ಷ ಅಂತ ಹೇಳಿಕೊಂಡು ಸೇರಿದ್ದಳಂತೆ. ಫೋನಿನಲ್ಲಿ ಬಂದ ಆರ್ಡರಿನ ಸಾಮಾನನ್ನು ಓಡಾಡಿ ಆರಿಸಿ ಚೀಲಕ್ಕೆ ತುಂಬುವ ಕೆಲಸ. ಕಂಪನಿ ಬಂದ ಮೇಲೆ ಆಯಾಗಳೆಲ್ಲ ಕಂಟ್ರ್ಯಾಕ್ಟರನ ಕೈಕೆಳಗಿದ್ದರು; ಅವನು ಪಿಳ್ಳಮ್ಮನನ್ನು ಶಾಲೆಯಿಂದ ತೆಗೆದು ಬೊಮ್ಮನಹಳ್ಳಿ ಕಡೆಯ ಯಾವುದೋ ಕಟ್ಟಡಕ್ಕೆ ಹಾಕಿದ್ದ. ಎರಡು ಬಸ್ಸು ಬದಲಿಸಿ ಹೋಗಿ ಬರಬೇಕು.

“ಆರ್ಡರ್ ಬಂದಿದೆ ದಿವ್ಯಾ. ಸೋಮವಾರದಿಂದ ನೀನು ಹೋಗಬಹುದು.”

ದಿವ್ಯಾ ಕಾಗದ ತೆಗೆದುಕೊಂಡು ಪೂರ್ತಿ ಓದಿದಳು. ಮಡಿಸಿ ವಾಪಸು ಕೊಟ್ಟಳು.

“ನಾನು ಹೋಗಲ್ಲ ಮಿಸ್.”

“ಯಾಕೆ? ಯಾರು ಏನಂದ್ರೂ ತಲೆ ಕೆಡಿಸ್ಕೋಬೇಡ. ನಿನ್ನ ಹಕ್ಕು ಅದು.”

“ಯಾರೋ ಅಂತಾರೆ ಅಂತಲ್ಲ. ಅಜ್ಜಿಗೆ ಸುಳ್ಳು ಹೇಳಿ ಸೈನ್ ಹಾಕಿಸ್ಕೊಂಡ್ರಿ, ಅದು ಬಿಡಿ. ಮೇಲಿನವರು ಹೇಳಿರ್ತಾರೆ, ನಿಮಗೂ ಕಷ್ಟ ಇರುತ್ತೆ.” ಅವಳ ದನಿ ಅಲ್ಲಾಡಲಿಲ್ಲ. “ಆದ್ರೆ ಅದಾದ ಮೇಲೆ ರಿಸಲ್ಟ್ ದಿನ ನಾನು ನಿಮ್ಮ ಕಾಲಿಗೆ ಬಿದ್ದೆನಲ್ಲ ಮಿಸ್. ತಲೆ ಮೇಲೆ ಕೈಯಿಟ್ಟು ‘ಟೆಂತಲ್ಲಿ ಚೆನ್ನಾಗಿ ಓದು, ಕನ್ನಡದಲ್ಲಿ ನೀನೇ ಫಸ್ಟ್ ಬರಬೇಕು’ ಅಂದ್ರಿ. ನಾನು ರಜೆಯೆಲ್ಲಾ ಓದಿದೆ. ಸೀನಿಯರ್ ಹತ್ರ ಬುಕ್ ಇಸ್ಕೊಂಡು ಓದಿದೆ. ಈಗ ಆ ಕ್ಲಾಸಲ್ಲಿ ಕೂತ್ಕೊಂಡ್ರೆ ಯಾರು ಏನು ಹೇಳಿದ್ರೂ ನನಗೆ ನಂಬಿಕೆ ಬರಲ್ಲ.”

ಮಂಜುಶ್ರೀಗೆ ಆ ದಿನ ನೆನಪೇ ಇರಲಿಲ್ಲ. ರಿಸಲ್ಟ್ ದಿನ ಮೂವತ್ತು ಮಕ್ಕಳು ಕಾಲಿಗೆ ಬಿದ್ದಿರುತ್ತಾರೆ. ಎಲ್ಲರಿಗೂ ಏನಾದರೊಂದು ಹೇಳಿರುತ್ತಾಳೆ. ಕ್ಷಮಿಸು ಅನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ದಿವ್ಯಾ ಚಪ್ಪಲಿ ಮೆಟ್ಟಿಕೊಂಡು, “ಶಿಫ್ಟಿಗೆ ಲೇಟಾಗುತ್ತೆ ಮಿಸ್” ಎಂದು ಹೊರಟುಬಿಟ್ಟಳು.

ಆದರೂ ಮಂಜುಶ್ರೀ ಬಿಡಲಿಲ್ಲ. ಖಾಸಗಿ ಅಭ್ಯರ್ಥಿಯಾಗಿಯೇ ಪರೀಕ್ಷೆಗೆ ಕೂರಬಹುದು, ಮನೆಯಲ್ಲೇ ಪಾಠ ಹೇಳಿಕೊಡುತ್ತೇನೆ ಎಂದು ಪಿಳ್ಳಮ್ಮನಿಗೆ ಹೇಳಿ, ಅರ್ಜಿ ತಂದುಕೊಟ್ಟಳು. ಭಾನುವಾರ ಪುಸ್ತಕ ಹಿಡಿದು ಹೋದಳು. ಭಾನುವಾರವೇ ಗೋದಾಮಿನಲ್ಲಿ ಹೆಚ್ಚು ಕೆಲಸ; ದಿವ್ಯಾ ಮನೆಯಲ್ಲಿರಲಿಲ್ಲ. ಮುಂದಿನ ವಾರವೂ ಇರಲಿಲ್ಲ. ಪಿಳ್ಳಮ್ಮ ಕಾಫಿ ಮಾಡಿ ಕೊಟ್ಟಳು, ಮೊದಲಿನಂತೆಯೇ ಮಿಸ್ ಎಂದು ಕರೆದಳು, ಕೂರಲು ಇದ್ದೊಂದು ಕುರ್ಚಿ ಹಾಕಿ ತಾನು ನೆಲದ ಮೇಲೆ ಕೂತಳು. ಅವಳು ಒಂದು ಸಲವಾದರೂ ಬೈದುಬಿಟ್ಟಿದ್ದರೆ ಸಾಕಿತ್ತು ಎಂದು ಮಂಜುಶ್ರೀಗೆ ಅನ್ನಿಸಿತು. ಮೂರನೆಯ ಭಾನುವಾರವೂ ಮಂಜುಶ್ರೀ ದಿವ್ಯಾಳಿಗಾಗಿ ಒಂದು ಗಂಟೆ ಕಾದಳು. ಹೊರಡುವಾಗ ಪಿಳ್ಳಮ್ಮ ಬಾಗಿಲ ತನಕ ಬಂದಳು.

“ಇನ್ಮೇಲೆ ಬರ್ಬ್ಯಾಡಿ ಮಿಸ್. ನೀವ್ ಬಂದೋದ್ರಿ ಅಂತ ಗೊತ್ತಾದ್ರೆ ಅವತ್ತು ರಾತ್ರೆ ಅವ್ಳು ಉಣ್ಣಾಕಿಲ್ಲ.”

ಮಂಜುಶ್ರೀ ತಲೆಯಾಡಿಸಿ ಇಳಿದು ಬಂದಳು. ಮತ್ತೆ ಹೋಗಲಿಲ್ಲ. ಅರ್ಜಿ ಸಲ್ಲಿಸುವ ಕೊನೆಯ ದಿನ ಸಂಜೆಯ ತನಕ ಫೋನು ಪಕ್ಕದಲ್ಲಿಟ್ಟುಕೊಂಡು ಕಾದಳು. ಯಾರೂ ಮಾಡಲಿಲ್ಲ.