ಬಂಡೆಯ ಮೇಲಿನ ಹೂವು

ವಿನೋಬನಗರದ ಓಬಯ್ಯ ವೈರಿಂಗು, ನಲ್ಲಿ ಎರಡೂ ಕೆಲಸ ಬಲ್ಲವನು. ಕೆಟ್ಟ ಸ್ವಿಚ್ಚೊಂದನ್ನು ನೋಡಲೆಂದು ಹರಿಹರದ ಕರಿಬಸವರಾಜರ ಮನೆಗೆ ಬಂದವನು ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟ. ಮನೆಯೊಡತಿ ನಿರ್ಮಲಮ್ಮ ಬಿಲ್ವದ ಸಸಿ ಪಕ್ಕಕ್ಕಿಟ್ಟು, ಸೆರಗು ಬಿಗಿದು, ಕೈಯಲ್ಲಿ ಗುದ್ದಲಿ ಹಿಡಿದಿದ್ದರು.

"ಬಾರಪ್ಪ ಓಬಯ್ಯ. ಅವತ್ತು ಗಂಗಾಪೂಜೆ ಮಾಡಿದ ಜಾಗ ಇದೇ ಅಲ್ವಾ? ಇಲ್ಲೇ ಬಿಲ್ವ ಇಡ್ತೀನಿ."

ಓಬಯ್ಯ ಸಲಕರಣೆಯ ಚೀಲ ಕೆಳಗಿಟ್ಟ.

ತಿಂಗಳ ಹಿಂದೆ ಈ ಮನೆಯಿಂದ ಹಿತ್ತಲ ತುದಿಯ ಕಾರ್ ಶೆಡ್ಡಿಗೆ ಕರೆಂಟಿನ ಕೇಬಲ್, ನೀರಿನ ಪೈಪು ಎಳೆದವನು ಅವನೇ. ಎರಡೂವರೆ ಅಡಿ ಆಳ, ಕೆಳಗೆ ಮರಳು, ಮೇಲೆ ಇಟ್ಟಿಗೆ ಎಂದು ಮಾತಾಗಿತ್ತು. ನಡುವೆ ಒಂದು ಕಡೆ ಕರಿಬಂಡೆ ಸಿಕ್ಕಿತು. ಒಡೆಯಲು ಎರಡು ದಿನ ಬೇಕು. ಮರುದಿನವೇ ಮಂಡಿಪೇಟೆಯಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದ. ಕೇಬಲು, ಪೈಪು ಎರಡನ್ನೂ ಬಂಡೆಯ ಮೇಲೆಯೇ ಹಾಯಿಸಿದ. ಮೇಲೆ ನಾಲ್ಕು ಬೆರಳು ಮಣ್ಣು, ಅಷ್ಟೇ.

ಅಷ್ಟರಲ್ಲಿ ಕರಿಬಸವರಾಜರು ಟೇಪು ಹಿಡಿದು ಶೆಡ್ಡಿನ ಕಡೆಯಿಂದ ಆಳ ಅಳೆಯುತ್ತ ಬಂದರು. ನಿರ್ಮಲಮ್ಮ ಹೊಸ ನೀರಿಗೆಂದು ಪೂಜೆಯ ತಟ್ಟೆ ಹಿಡಿದು, "ಗಂಗಮ್ಮನ ಪೂಜೆ ಎಲ್ಲಿ ಮಾಡ್ಲಿ?" ಎಂದರು. "ಇಲ್ಲೇ ಮಾಡ್ರಮ್ಮ, ಸಮ ಐತೆ," ಎಂದು ಓಬಯ್ಯ ಬಂಡೆಯ ಮೇಲೆ ಮಣ್ಣೆಳೆದು ಮಾವಿನೆಲೆ ಹರಡಿಕೊಟ್ಟ. ಟೇಪು ಹೂವಿನವರೆಗೆ ಬಂತು. ಕರಿಬಸವರಾಜರು ಚಪ್ಪಲಿ ಬಿಟ್ಟು ಕೈಮುಗಿದು, ಆ ಜಾಗ ಬಳಸಿಕೊಂಡು ಆಚೆ ಹೋಗಿ ಮತ್ತೆ ಅಳೆದರು. ಓಬಯ್ಯನೂ ಕೈಮುಗಿದ. ಮಠದ ಕಂಬಕ್ಕೊರಗಿ ಪುರಾಣ ಕೇಳುತ್ತ ಬೆಳೆದವನು. ಅವತ್ತು ಕೈಮುಗಿದದ್ದು ಯಾರಿಗೆಂದು ಅವನಿಗೇ ತಿಳಿಯಲಿಲ್ಲ.

"ಅಮ್ಮಾ, ಅಲ್ಲಿ ಬ್ಯಾಡ್ರಿ," ಎಂದ ಈಗ. "ಬಿಸಿಲು ಸಾಲಲ್ಲ."

"ನೆತ್ತಿ ಸುಡ್ತಾ ಐತೆ, ಬಿಸಿಲು ಸಾಲಲ್ಲ ಅಂತಾನೆ!" ನಕ್ಕು ಗುದ್ದಲಿ ಎತ್ತಿದರು.

ಓಬಯ್ಯ ಓಡಿಹೋಗಿ ಗುದ್ದಲಿಯ ಕಾವು ಹಿಡಿದ. "ಕೆಳಗೆ ಕರೆಂಟ್ ಐತ್ರಮ್ಮ! ನಾಲ್ಕು ಬೆರಳಿಗೇ ಐತೆ. ಬಂಡೆ ಒಡೀಲಿಲ್ಲ ನಾನು. ಸಾಹುಕಾರ್ರು ಅಳೀಬಾರ್ದು ಅಂತ... ನಿಮ್ ಕೈಲಿ ಪೂಜೆ ಮಾಡಿಸಿದೆ."

ನಿರ್ಮಲಮ್ಮ ಗುದ್ದಲಿ ಬಿಟ್ಟುಕೊಟ್ಟರು. ಅವನನ್ನು ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದರು. ಜಗುಲಿಯಿಂದ ಕರಿಬಸವರಾಜರು ಇಳಿದು ಬಂದರು.

"ಅಲ್ಲಲೇ ಓಬಯ್ಯ, ನಾನು ಚಪ್ಪಲಿ ಬಿಟ್ಟು ನಿಂತಿದ್ನಲ್ಲೋ ಅಲ್ಲಿ!"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರ ದನಿಯಲ್ಲಿ ಇದ್ದದ್ದು ಬರೀ ಅಚ್ಚರಿ.

ಓಬಯ್ಯ ಮೇನ್ ಆಫ್ ಮಾಡಿದ. ಮೂರು ದಿನ ಉಳಿ ಸುತ್ತಿಗೆ ಹಿಡಿದು ಒಬ್ಬನೇ ಬಂಡೆ ಕಡಿದ. ಮಧ್ಯಾಹ್ನದ ಊಟ ಎಂದಿನಂತೆ ಹಿತ್ತಲಿಗೇ ಬಂತು, ಬಡಿಸುವ ಕೈಯೂ ಅದೇ. "ಇನ್ನೊಂದು ರೊಟ್ಟಿ ಹಾಕಿಸ್ಕೋ" ಎನ್ನುವ ಮಾತು ಮಾತ್ರ ಬರಲಿಲ್ಲ.

ಮರಳು ಹರಡಿ ಕೇಬಲು, ಪೈಪು ಇಳಿಸಿ, ಇಟ್ಟಿಗೆ ಇಡುವ ಮುಂಚೆ ಅವನು ಕರೆದ. ನಿರ್ಮಲಮ್ಮನೇ ಬಂದರು, ಕೈಯಲ್ಲಿ ಟೇಪು. ಕುಕ್ಕರಗಾಲಲ್ಲಿ ಕುಳಿತು ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ಓದಿದರು. "ಎರಡೂವರೆ ಐತೆ."

"ಈಗ ಪೂಜೆಗೆ ಹೂವು ತರ್ತೀರೇನಮ್ಮ?" ಇಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ಕೇಳಿದ.

"ಸಸಿ ಆ ಕಡೆ ಇಟ್ಟೀನಿ. ಹೂವು ಅಲ್ಲಿ ಹಾಕ್ತೀನಿ. ಇಲ್ಲಿ ನೀನು ಇಟ್ಟಿಗೆ ಹಾಕು."

ತಲೆ ಬಗ್ಗಿಸಿ ಓಬಯ್ಯ ಇಟ್ಟಿಗೆ ಜೋಡಿಸತೊಡಗಿದ.