ಬೊಟ್ಟಿಟ್ಟ ಮೀಟರು

ಡ್ರೈವರ್ ಕೋನಪ್ಪ ಹಳೇ ಬಸ್ಸಿನ ಮೀಟರುಗಳನ್ನು ಓದುತ್ತಿರಲಿಲ್ಲ, ಸುಮ್ಮನೆ ಕಣ್ಣು ಹಾಯಿಸುತ್ತಿದ್ದ. ಚಿಂತಾಮಣಿಯಿಂದ ದಿಬ್ಬೂರಹಳ್ಳಿಗೆ ಹೋಗುವ ಆ ಪ್ರೈವೇಟ್ ಬಸ್ಸಿನಲ್ಲಿ ಎಡತುದಿಯದು ಬ್ರೇಕಿನ ಗಾಳಿಯ ಮೀಟರು. ಅದರ ಮುಳ್ಳು ನೆಟ್ಟಗಿದ್ದರೆ ಎಲ್ಲರ ಜೀವವೂ ನೆಟ್ಟಗೆ. ಪ್ರತಿ ಆಯುಧಪೂಜೆಗೂ ಹೆಂಡತಿ ಅಕ್ಕಯಮ್ಮ ಬಂದು, ಅವನು ತೋರಿಸಿದ ಆ ಗಾಜಿಗೆ ಕುಂಕುಮದ ಬೊಟ್ಟಿಡುತ್ತಿದ್ದಳು. ಕೆಂಪು ಕಂಡಲ್ಲಿಗೆ ಕಣ್ಣು ತಾನಾಗಿ ಹೋಗುತ್ತಿತ್ತು; ರಸ್ತೆಯಿಂದ ನೋಟ ತೆಗೆದದ್ದೇ ತಿಳಿಯುತ್ತಿರಲಿಲ್ಲ.

ಈ ವರ್ಷ ಓನರು ಎಲ್ಲಿಂದಲೋ ಬೇರೆ ಸೆಕೆಂಡ್ ಹ್ಯಾಂಡ್ ಬಸ್ಸು ತಂದ. ಅದರಲ್ಲಿ ಗಾಳಿಯದು ಬಲತುದಿಗೆ, ಎಡಕ್ಕೆ ಇಂಜಿನ್ ಬಿಸಿಯದು. ಗಾಳಿ ಇಳಿದರೆ ಕೂಗಬೇಕಾದ ಬಜರಂತೂ ಬರುವಾಗಲೇ ಮೂಕ. ಕೋನಪ್ಪ ಪ್ರತಿ ಸಲವೂ ಮೀಟರು ಹುಡುಕಬೇಕಾಯಿತು.

"ಏನಣ್ಣಾ, ಹೊಸ ಸೊಸೆ ಅಡುಗೆಮನೇಲಿ ಉಪ್ಪು ಹುಡುಕ್ದಂಗೆ ಹುಡುಕ್ತೀಯ!" ಎಂದು ಕಂಡಕ್ಟರ್ ಕೆಂಪರಾಜು ನಗುತ್ತಿದ್ದ.

ಆಯುಧಪೂಜೆ ಬಂತು. ಕೋನಪ್ಪ ಚಕ್ರಗಳಿಗೆ ನಿಂಬೆಹಣ್ಣು ಇಡುತ್ತಿದ್ದಾಗ ಅಕ್ಕಯಮ್ಮ ಎಂದಿನಂತೆ ಎಡತುದಿಯ ಗಾಜಿಗೇ ಬೊಟ್ಟಿಟ್ಟಳು. ಆಮೇಲೆ ಅದನ್ನು ಕಂಡ ಕೋನಪ್ಪನಿಗೆ ಒರೆಸಬೇಕೆನಿಸಿತು. ಹಬ್ಬದ ದಿನ ಕುಂಕುಮ ಅಳಿಸುವುದುಂಟೇ ಎಂದು ಬಿಟ್ಟ. ಒಂದು ಬೊಟ್ಟಿನಿಂದ ಏನಾದೀತು ಹೇಳಿ!

ಹಬ್ಬ ಮುಗಿದ ಮೇಲೊಂದು ಮಧ್ಯಾಹ್ನ, ದಿಬ್ಬೂರಹಳ್ಳಿ ಹತ್ತಿರದ ಇಳಿಜಾರಿನಲ್ಲಿ, ಬ್ರೇಕು ಯಾಕೋ ಮೆತ್ತಗನ್ನಿಸಿತು. ಎಲ್ಲೋ ಪೈಪಿನಿಂದ ಗಾಳಿ ಸೋರುತ್ತಿತ್ತು. ಕೋನಪ್ಪ ಕಣ್ಣು ಹಾಯಿಸಿದ. ಕೆಂಪು ಕಂಡಿತು, ಮುಳ್ಳು ನೆಟ್ಟಗಿತ್ತು. ಸಮಾಧಾನದಿಂದ ಬಸ್ಸನ್ನು ಮುಂದಕ್ಕೆ ಬಿಟ್ಟ. ಅದು ಬಿಸಿಯ ಮುಳ್ಳೆಂದು ಹೊಳೆಯುವಷ್ಟರಲ್ಲಿ ಬಸ್ಸು ಹುಣಸೆಮರಕ್ಕೆ ಬಡಿದಿತ್ತು. ಮುಂದಿನ ಬಾಗಿಲಲ್ಲಿ ನಿಂತಿದ್ದ ಕೆಂಪರಾಜು ಉಳಿಯಲಿಲ್ಲ.

ಆಸ್ಪತ್ರೆಗೆ ಇನ್ಸ್‌ಪೆಕ್ಟರ್ ಬಂದರು. "ಗಾಳಿ ಇಳಿದಿದ್ದು ಮೀಟರಲ್ಲಿ ಕಾಣಲಿಲ್ವೇನಯ್ಯಾ?"

ಬೊಟ್ಟಿನ ಮಾತು ಕೋನಪ್ಪನ ನಾಲಿಗೆಯ ತುದಿಗೆ ಬಂತು. ಅಕ್ಕಯಮ್ಮ ಎಳನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ತನ್ನ ಬೆರಳಿಂದ ಒಂದು ಜೀವ ಹೋಯಿತೆಂದು ಗೊತ್ತಾದರೆ ಇವಳು ಬದುಕುವುದಿಲ್ಲ.

"ನಾನು ಮೀಟರ್ ನೋಡ್ಲೇ ಇಲ್ಲ ಸಾರ್," ಎಂದ.

ಅವರು ಬರೆದುಕೊಂಡು ಹೋದರು. ಅಕ್ಕಯಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು.

"ಒಂದೇ ಒಂದ್ಸಲ ಕಣ್ಣು ಹಾಯ್ಸೋಕಾಗ್ಲಿಲ್ವಾ ನಿಮ್ಗೆ? ಕೆಂಪರಾಜನ ಹೆಂಡ್ತಿಗೆ ನಾನೇನಂತ ಮುಖ ತೋರಿಸ್ಲಿ?"

"ಆಗ್ಲಿಲ್ಲ ಕಣೇ," ಎಂದು ಕೋನಪ್ಪ ಗೋಡೆಯ ಕಡೆಗೆ ಹೊರಳಿದ.

ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನಿಗೆ ಎಳನೀರು ಕುಡಿಸದೆಯೇ ಕೆಂಪರಾಜುವಿನ ಮನೆಗೆ ಹೊರಟುಹೋದಳು.