ಯಾರದೂ ಅಲ್ಲದ ನೀರು

ಎರಡು ನಾಣ್ಯಗಳೂ ಸಿಮೆಂಟಿನ ನೆಲದ ಮೇಲೆ ಟಣ್ಣೆಂದು ಪುಟಿದು, ಒಂದಿಷ್ಟು ಉರುಳಿ ಮಲಗಿದವು. ಎರಡರಲ್ಲೂ ಮುಖವೇ ಮೇಲೆ.

"ಇನ್ನೂ ಉಂಡಿಲ್ಲ," ಎಂದ ತ್ಯೂ. ಸಾವಿನ ಮನೆಗಳಲ್ಲಿ ಶಾಸ್ತ್ರ ಮಾಡಿಸುವುದೇ ಅವನ ಕಸುಬು. "ಒಂದು ಮುಖ, ಒಂದು ಅಂಕಿ ಬೀಳ್ಬೇಕು ಸ್ಯೂಲಾನಕ್ಕ. ಆಗ ಹೊಟ್ಟೆ ತುಂಬ್ತು ಅಂತ. ಇನ್ನೊಂದ್ಸಲ ಕೇಳಿ."

ಸ್ಯೂಲಾನ್ ಶವಪೆಟ್ಟಿಗೆಯ ಮುಂದೆ ಮಂಡಿಯೂರಿದ್ದಳು. ನಾಣ್ಯಗಳನ್ನು ಹೆಕ್ಕಿ ಅಂಗೈಗಳ ನಡುವೆ ಮುಚ್ಚಿಕೊಂಡಳು. "ಎಂಗ್‌ಚುನ್, ಊಟ ಆಯ್ತೇನೋ ತಮ್ಮಾ?"

ಈ ಸಲ ಎರಡೂ ಅಂಕಿ. ಇದು ಆರನೆಯ ಸಲ.

ಅನ್ನ, ಬೇಯಿಸಿದ ಕೋಳಿ, ಸೋಯಾ ರಸದಲ್ಲಿ ಕುದಿಸಿದ ಹಂದಿಮಾಂಸ, ಬಂದರಿನ ಮಾರುಕಟ್ಟೆಯಲ್ಲಿ ಅವಳೇ ಮಾರುವ ಮೀನಿನ ಉಂಡೆಯ ಸಾರು, ಎಲ್ಲವನ್ನೂ ಬೆಳಗಿನ ಜಾವ ಎದ್ದು ಅವಳೇ ಮಾಡಿದ್ದಳು. ಸತ್ತವನು ಉಂಡಾಯಿತು ಅನ್ನದೆ ತಟ್ಟೆ ಎತ್ತುವಂತಿಲ್ಲ. ತಟ್ಟೆ ಎತ್ತದೆ ಪೆಟ್ಟಿಗೆ ಮುಚ್ಚುವಂತಿಲ್ಲ. ಚಿತಾಗಾರದಲ್ಲಿ ಹತ್ತೂವರೆಗೆ ಹೊತ್ತು ನಿಗದಿಯಾಗಿತ್ತು. ಈಗಲೇ ಹತ್ತು ಹೊಡೆದಿತ್ತು.

"ಹಸ್ಕೊಂಡು ಹೋದೋನು ಹಸ್ಕೊಂಡೇ ಅಲೀತಾನಮ್ಮ," ಎಂದಳು ಮಾರುಕಟ್ಟೆಯ ಸಿಗಡಿ ಮಾರುವ ಮುದುಕಿ. ಸಮಾಧಾನ ಹೇಳಲು ಬಂದವಳ ಬಾಯಲ್ಲಿ ಬಂದ ಮಾತು ಇದು!

ಬೀದಿಗೆ ಅಡ್ಡಲಾಗಿ ಹಾಕಿದ್ದ ಶಾಮಿಯಾನದಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಕೂತವರು ಇಬ್ಬರು: ಸಿಗಡಿಯ ಮುದುಕಿ, ಅವಳ ಸೊಸೆ. ತಮ್ಮನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಬಾಡಿಗೆ ಕೋಣೆಯಲ್ಲಿ ಹೃದಯ ನಿಂತು ಸತ್ತವನು ಎರಡು ದಿನ ಹಾಗೇ ಬಿದ್ದಿದ್ದ. ಬದುಕಿದ್ದಾಗ ಹೇಗಿದ್ದೀಯೋ ಎಂದು ಕೇಳಲಿಲ್ಲ, ಈಗ ಹಸಿದವನನ್ನು ಹಸಿದ ಹಾಗೇ ಹೇಗೆ ಕಳಿಸಲಿ ಎಂದುಕೊಂಡಳು ಅವಳು.

*

ಎಂಗ್‌ಚುನ್‌ನ ಕೆಲಸ ಸ್ಯೂಲಾನಳಿಗೆ ಎಂದೂ ಸರಿಯಾಗಿ ಅರ್ಥವಾಗಿರಲಿಲ್ಲ. ಟ್ಯೂನಾ ಹಿಡಿಯುವ ದೋಣಿಗಳಲ್ಲಿ ಸರ್ಕಾರ ಅವನನ್ನು ವೀಕ್ಷಕನಾಗಿ ಕೂರಿಸುತ್ತಿತ್ತು. ದೇಶಗಳ ಗಡಿಯೆಲ್ಲ ಮುಗಿದ ಮೇಲಿನ ನಡುಸಮುದ್ರದಲ್ಲಿ ತಿಂಗಳುಗಟ್ಟಲೆ ಇದ್ದು, ಗಾಳಕ್ಕೆ ಸಿಕ್ಕ ಆಮೆ, ಶಾರ್ಕ್, ಕಡಲಹಕ್ಕಿಗಳನ್ನೆಲ್ಲ ಒಂದೂ ಬಿಡದೆ ಬರೆದುಕೊಳ್ಳುವುದು. ಮೀನು ಹಿಡಿಯದೆ ಮೀನಿನ ಲೆಕ್ಕ ಬರೆಯುವವನನ್ನು ದೋಣಿಯವರು ಎಷ್ಟು ಪ್ರೀತಿಸುತ್ತಾರೆಂದು ಹೇಳಬೇಕಾಗಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಫೋನು ಮಾಡಿದ್ದ. ನಗುತ್ತಿದ್ದ.

"ಅಕ್ಕಾ, ಕೊನೆಗೂ ಒಪ್ಪಿದ್ರು! ನಡುಸಮುದ್ರದ ಜೀವಗಳನ್ನ ಕಾಯೋಕೆ ಎಲ್ಲಾ ದೇಶ ಸೇರಿ ಕಾನೂನು ಮಾಡ್ತಿದಾರೆ. ಇಪ್ಪತ್ತು ವರ್ಷ ಎಳೆದಾಡಿದ್ರು ಕಣೇ."

"ಆ ಸಭೇಲಿ ನಮ್ಮ ದೇಶಕ್ಕೂ ಒಂದು ಕುರ್ಚಿ ಹಾಕಿದ್ರೇನೋ?"

"ನಮ್ಮನ್ನ ದೇಶ ಅಂತ್ಲೇ ಒಪ್ಪದೋರು ಯಾಕೆ ಕರೀತಾರೆ?"

"ಮತ್ತೆ ಕರೀದಿರೋ ಮದುವೇಲಿ ನಿಂದೇನೋ ಕುಣಿತ? ಗಿರಾಕಿ ನಿಂತಿದಾರೆ, ಆಮೇಲೆ ಮಾಡು."

ಅವನು ಆಮೇಲೆ ಮಾಡಲಿಲ್ಲ. ಅವಳೂ ಮಾಡಲಿಲ್ಲ.

*

ಶಾಮಿಯಾನದ ಬಾಯಲ್ಲಿ ಒಬ್ಬ ದಪ್ಪನೆಯ ಮುದುಕ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಸ್ಯೂಲಾನ್ ಗುರುತು ಹಿಡಿದಳು. ಎಂಗ್‌ಚುನ್ ವೀಕ್ಷಕನಾಗಿದ್ದ ದೋಣಿಯೊಂದರ ಕಪ್ತಾನ ಕ್ವೆ. ಮೀನಿಡುವ ಮಂಜುಪೆಟ್ಟಿಗೆಯ ತಳದಲ್ಲಿ ಅವನು ಕಾನೂನು ಮೀರಿ ಬಚ್ಚಿಟ್ಟಿದ್ದ ಶಾರ್ಕ್ ರೆಕ್ಕೆಗಳನ್ನೂ ತನ್ನ ಲೆಕ್ಕದಲ್ಲಿ ಎಂಗ್‌ಚುನ್ ಬರೆದಿದ್ದ. ಅದರಿಂದ ಕ್ವೆಯ ಪರವಾನಗಿ ಎರಡು ವರ್ಷ ಹೋಗಿತ್ತು. ಆಗ ಅವನು ಅವಳ ಅಂಗಡಿಯ ಮುಂದೆಯೇ ನಿಂತು ಇಡೀ ಮಾರುಕಟ್ಟೆಗೆ ಕೇಳುವಂತೆ ಬೈದು ಹೋಗಿದ್ದ.

"ಏನು, ಸತ್ತೋನ ಹತ್ರಾನೂ ಜಗಳಕ್ಕೆ ಬಂದ್ರಾ?"

"ಬೈಯೋದಿದ್ರೆ ಬೈದುಬಿಡಿ, ತಾಯಿ. ಊದಿನಕಡ್ಡಿ ಹಚ್ಚಿ ಹೋಗ್ತೀನಿ."

ಹಚ್ಚಿದ. ಆದರೆ ಹೋಗಲಿಲ್ಲ. ನೆಲದ ನಾಣ್ಯಗಳನ್ನೂ ಆರುತ್ತಿರುವ ಸಾರನ್ನೂ ನೋಡಿದ.

"ಒಪ್ತಿಲ್ವಾ?"

"ಆರು ಸಲ ಆಯ್ತು," ಎಂದ ತ್ಯೂ. "ಇಂಥ ಹಟಮಾರಿ ಹೆಣಾನ ನಾನು ಕಂಡಿಲ್ಲ."

ಕ್ವೆ ತಟ್ಟೆಗಳ ಪಕ್ಕ ಕಣ್ಣಾಡಿಸಿದ. "ಒಂದೇ ಜೊತೆ ಊಟದ ಕಡ್ಡಿ ಇಟ್ಟಿದ್ದೀರಲ್ಲ."

"ಒಬ್ಬನಿಗೆ ಎಷ್ಟು ಜೊತೆ ಇಡ್ಬೇಕು?" ಎಂದಳು ಸ್ಯೂಲಾನ್.

ಮುದುಕ ಟೊಪ್ಪಿಗೆಯನ್ನು ಹಿಂಡುತ್ತ ಹೇಳತೊಡಗಿದ.

*

ದೋಣಿ ಹೊರಟ ಎರಡನೆಯ ದಿನವೇ ಕ್ವೆ ಅಪ್ಪಣೆ ಮಾಡಿದ್ದ: "ಬರೆಯೋನ ಪಕ್ಕ ಯಾರೂ ಕೂರಬಾರ್ದು. ಕೂತೋರ ಹೆಸರೂ ಬರ್ಕೋತಾನೆ." ಎಂಗ್‌ಚುನ್ ಬಟ್ಟಲು ಹಿಡಿದು ಕೂತರೆ ಉಳಿದವರು ಬಟ್ಟಲು ಹಿಡಿದು ಏಳುತ್ತಿದ್ದರು. ನಾಲ್ಕು ದಿನ ನೋಡಿದ. ಐದನೆಯ ದಿನದಿಂದ ಎಲ್ಲರ ಊಟವಾದ ಮೇಲೆ ದೋಣಿಯ ಹಿಂಬದಿಗೆ ಹೋಗಿ ಮಂಜುಪೆಟ್ಟಿಗೆಯ ಮೇಲೆ ಕೂತು ಉಣ್ಣತೊಡಗಿದ. ಹನ್ನೊಂದು ತಿಂಗಳು ಹೀಗೇ ನಡೆಯಿತು.

ಒಂದು ಸಂಜೆ ಕ್ವೆ ಅವನನ್ನು ಕೆಣಕಲು ಹೋದ. "ಇಷ್ಟೆಲ್ಲಾ ಬರೀತೀಯಲ್ಲ, ಇದೇನು ನಿಮ್ಮಪ್ಪನ ನೀರೇನಯ್ಯ?"

"ಯಾರಪ್ಪಂದೂ ಅಲ್ಲ ಕಪ್ತಾನ್ರೇ. ಅದಕ್ಕೇ ಕೇಳೋರಿಲ್ಲ. ಅದಕ್ಕೇ ಬರೀತೀನಿ."

ಅವನ ಬಟ್ಟಲಿನ ಎದುರಿಗೆ ಇನ್ನೊಂದು ಜೊತೆ ಕಡ್ಡಿ ಇತ್ತು.

"ಅದ್ಯಾರಿಗೆ?"

"ಯಾರಾದ್ರೂ ಬಂದ್ರೆ ಇರ್ಲಿ ಅಂತ."

*

"ನಾನು ಕೂರಲಿಲ್ಲ," ಎಂದ ಕ್ವೆ. "ನಕ್ಕುಬಿಟ್ಟೆ. ಒಳಗೆ ಹೋಗಿ ಎಲ್ಲರಿಗೂ ಹೇಳಿ ನಗಿಸಿದೆ. ಅವನು ಬರೆದದ್ರಲ್ಲಿ ಒಂದಕ್ಷರಾನೂ ಸುಳ್ಳಿರ್ಲಿಲ್ಲ ತಾಯಿ. ಪರವಾನಗಿ ಹೋದದ್ದು ಈಗ ಮರೆತೋಗಿದೆ. ಆ ಕಡ್ಡಿ ಮಾತ್ರ ಮರೆಯಕ್ಕಾಗ್ತಿಲ್ಲ."

ಸ್ಯೂಲಾನ್ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಗಿರಾಕಿ ನಿಂತಿದಾರೆ ಅಂದವಳು ತಾನೇ ಅಲ್ಲವೇ? ಎದ್ದು ಒಳಗೆ ಹೋಗಿ ಇನ್ನೊಂದು ಬಟ್ಟಲು ಅನ್ನ, ಇನ್ನೊಂದು ಜೊತೆ ಕಡ್ಡಿ ತಂದು ಇಟ್ಟಳು.

"ಅಯ್ಯೋ, ಸತ್ತೋರ ಜೊತೆ ಬದುಕಿದೋರು ಉಣ್ಣೋದಾ? ಎಲ್ಲಾದ್ರೂ ಉಂಟಾ!" ತ್ಯೂ ಗಾಬರಿಯಾದ.

"ನಿಮ್ಮ ಶಾಸ್ತ್ರ ಆರು ಸಲ ಆಯ್ತಲ್ಲ, ಸುಮ್ನಿರಿ," ಎಂದಳು ಸ್ಯೂಲಾನ್.

ಕ್ವೆ ಖಾಲಿ ಸಾಲಿನಿಂದ ಒಂದು ಕುರ್ಚಿ ಎಳೆದು ಪೆಟ್ಟಿಗೆಯ ಎದುರು ಕೂತ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಗಳ ಹಿಂದೆ ಇಟ್ಟಿದ್ದ ಎಂಗ್‌ಚುನ್‌ನ ಫೋಟೋದ ಕಡೆಗೆ ಒಮ್ಮೆ ಎತ್ತಿ, ಅನ್ನ ಬಾಯಿಗಿಟ್ಟ. ಅರ್ಧ ತೊಡೆಯ ಮೇಲೆ ಬಿತ್ತು. ಅದನ್ನೂ ಹೆಕ್ಕಿ ತಿಂದ.

ಸ್ಯೂಲಾನ್ ಮಂಡಿಯೂರಿ ನಾಣ್ಯ ಎಸೆದಳು. ಒಂದು ಕಾಲ ಬಳಿಯೇ ಬಿತ್ತು, ಮುಖ ಮೇಲೆ. ಇನ್ನೊಂದು ಉರುಳಿಕೊಂಡು ಕುರ್ಚಿಗಳ ಅಡಿಗೆ ಹೋಯಿತು. ಸಿಗಡಿಯ ಮುದುಕಿ ಸೊಂಟ ಹಿಡಿದುಕೊಂಡು ಬಗ್ಗಿದಳು.

"ಅಂಕಿ!" ಎಂದು ಕೂಗಿದಳು. "ಅಂಕಿ ಕಣಮ್ಮ!"

ತ್ಯೂ ದೊಡ್ಡ ಉಸಿರು ಬಿಟ್ಟು ತಟ್ಟೆಗಳಿಗೆ ಕೈಹಾಕಿದ. ಹೊರಗೆ ಶವದ ವ್ಯಾನು ಎರಡು ಸಲ ಹಾರ್ನ್ ಹೊಡೆಯಿತು. ಸ್ಯೂಲಾನ್ ತ್ಯೂನ ಮುಂಗೈ ಹಿಡಿದು ನಿಲ್ಲಿಸಿದಳು.

"ಸ್ವಲ್ಪ ಇರಿ. ಜೊತೇಲಿ ಕೂತೋರದ್ದು ಇನ್ನೂ ಮುಗಿದಿಲ್ಲ."

ಕ್ವೆ ತಲೆಯೆತ್ತದೆ ನಿಧಾನವಾಗಿ ಅಗಿಯುತ್ತಿದ್ದ. ಅವಳು ಮೀನಿನ ಉಂಡೆಯ ಸಾರನ್ನು ಎತ್ತಿಕೊಂಡು, ಮತ್ತೆ ಬಿಸಿ ಮಾಡಲು ಒಲೆಯ ಕಡೆ ನಡೆದಳು.